ದಾನಚಿಂತಾಮಣಿ ಅತ್ತಿಮಬ್ಬೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತುವ ಯಾತ್ರಿಕರು ಅರ್ಧ ದಾರಿಯಲ್ಲಿ ಒಮ್ಮೆಯಾದರೂ ಕೂತು ದಣಿವಾರಿಸಿಕೊಳ್ಳುತ್ತಾರೆ. ಬರಿಗಾಲು, ಕಾದ ಬಂಡೆ, ನೆತ್ತಿಯ ಮೇಲೆ ಬಿಸಿಲು. ಸಾವಿರ ವರ್ಷಗಳ ಹಿಂದೆ ಇದೇ ಬೆಟ್ಟವನ್ನು ಒಬ್ಬ ಮಹಾತಾಯಿ ಉಪವಾಸವಿದ್ದುಕೊಂಡು ಹತ್ತಿದಳು. ಆಕೆ ಬಡವಳಲ್ಲ, ದಿಕ್ಕಿಲ್ಲದವಳೂ ಅಲ್ಲ. ಸೇನಾಪತಿಯ ಮಗಳು, ಮಹಾಮಂತ್ರಿಯ ಸೊಸೆ. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಅಂತ ನಮ್ಮಲ್ಲಿ ಗಾದೆಯಿದೆ. ಕೈಯಲ್ಲಿ ನಾಲ್ಕು ಕಾಸಿಲ್ಲದಾಗ ನೇಮ ನಿಷ್ಠೆ ಅಂತ ಇದ್ದವರು ಕಾಸು ಸೇರಿದ ಮೇಲೆ ಬೇರೆಯೇ ಮನುಷ್ಯರಾಗುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗೆಯೇ ಕಷ್ಟ ಬಂದಾಗ ಇದ್ದದ್ದನ್ನು ಎದೆಗೆ ಅವಚಿಕೊಂಡು ಧರ್ಮವನ್ನು ಬಿಡುವವರೂ ಉಂಟು. ಅತ್ತಿಮಬ್ಬೆಯ ಬಾಳಿನಲ್ಲಿ ಈ ಎರಡು ಕಾಲವೂ ಬಂದವು. ಎರಡರಲ್ಲೂ ಆಕೆ ಬದಲಾಗಲಿಲ್ಲ. ಅದಕ್ಕೇ ಆಕೆಯ ಚರಿತ್ರೆಯನ್ನು ಭಕ್ತರು ಇವತ್ತಿಗೂ ನೆನೆಯುತ್ತಾರೆ.

ಮನೆತನ

ವೆಂಗಿ ಮಂಡಲದ ಕಮ್ಮೆನಾಡಿನಲ್ಲಿ ಪುಂಗನೂರು ಎಂಬ ಊರು. ಅಲ್ಲಿ ನಾಗಮಯ್ಯ ಎಂಬ ಜಿನಭಕ್ತ. ಆತನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಅಣ್ಣತಮ್ಮಂದಿರಿಬ್ಬರೂ ಕತ್ತಿ ಹಿಡಿದವರು, ಜೊತೆಗೆ ಕಾವ್ಯ ಶಾಸ್ತ್ರಗಳಲ್ಲಿ ಪ್ರೀತಿ ಇದ್ದವರು. ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣ ಎಂಬ ಮಹಾಕಾವ್ಯವನ್ನು ಬರೆಸಿದರು. ಪೊನ್ನನೆಂದರೆ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣನಿಂದ ಉಭಯಕವಿ ಚಕ್ರವರ್ತಿ ಎಂಬ ಬಿರುದು ಪಡೆದ ಕವಿ. ಮುಂದೆ ಪುನ್ನಮಯ್ಯ ಕಾವೇರಿ ತೀರದ ಯುದ್ಧದಲ್ಲಿ ಹೋರಾಡಿ ಮಡಿದ.

ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಹತ್ತನೇ ಶತಮಾನದ ನಡುಭಾಗದಲ್ಲಿ ಹುಟ್ಟಿದವಳು. ತಂಗಿಯ ಹೆಸರು ಗುಂಡಮಬ್ಬೆ. ಒಂದು ಕಡೆ ಕತ್ತಿ ಗುರಾಣಿ, ಇನ್ನೊಂದು ಕಡೆ ಓಲೆಗರಿಯ ಕಟ್ಟುಗಳು ಇದ್ದಂಥ ಮನೆಯಲ್ಲಿ ಅಕ್ಕತಂಗಿಯರು ಬೆಳೆದರು.

ಆ ದಿನಗಳು ನಾಡಿನಲ್ಲಿ ಭಾರಿ ಬದಲಾವಣೆಯ ದಿನಗಳು. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಮಾನ್ಯಖೇಟವನ್ನು ಗೆದ್ದುಕೊಂಡ. ಇನ್ನೂರು ವರ್ಷಕ್ಕೂ ಮೇಲೆ ಆಳಿದ ವಂಶ ಮುಳುಗಿತು. ಇಂಥ ಕಾಲದಲ್ಲಿ ನಿನ್ನೆಯ ಸಾಹುಕಾರ ಇವತ್ತು ಬೀದಿಗೆ ಬರುತ್ತಾನೆ, ನಿನ್ನೆ ಯಾರೂ ಕೇಳದವನು ಇವತ್ತು ಆನೆ ಏರುತ್ತಾನೆ. ಮಲ್ಲಪಯ್ಯನ ಮನೆತನ ಚಾಲುಕ್ಯರ ಸೇವೆಯಲ್ಲಿ ನಿಂತು ಮೇಲೆ ಬಂತು.

ವಿವಾಹ ಮತ್ತು ಅಗಲಿಕೆ

ತೈಲಪನ ಮಹಾಮಂತ್ರಿ ಧಲ್ಲಪ. ಆತನ ಮಗ ನಾಗದೇವ, ಹೆಸರಾದ ವೀರ. ಮಲ್ಲಪಯ್ಯನು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ನಾಗದೇವನಿಗೇ ಕೊಟ್ಟು ಮದುವೆ ಮಾಡಿದ. ತವರಿನಲ್ಲಿದ್ದ ಸಿರಿಗಿಂತ ಗಂಡನ ಮನೆಯ ಸಿರಿ ಹೆಚ್ಚು. ಅತ್ತಿಮಬ್ಬೆಗೆ ಅಣ್ಣಿಗದೇವ ಎಂಬ ಗಂಡುಮಗು ಹುಟ್ಟಿತು.

ಆದರೆ ಆ ಸುಖ ಬಹಳ ದಿನ ನಿಲ್ಲಲಿಲ್ಲ. ನಾಗದೇವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ತಂಗಿ ಗುಂಡಮಬ್ಬೆ ಗಂಡನೊಂದಿಗೆ ಚಿತೆಯೇರಿ ಸಹಗಮನ ಮಾಡಿದಳು. ಒಂದೇ ಏಟಿಗೆ ಗಂಡನೂ ಹೋದ, ಒಡಹುಟ್ಟಿದವಳೂ ಹೋದಳು. ಅತ್ತಿಮಬ್ಬೆ ಚಿತೆಯೇರಲಿಲ್ಲ. ಎಳೆಯ ಮಗುವಿನ ಮುಖ ನೋಡಿಕೊಂಡು, ಜಿನವ್ರತಗಳನ್ನು ಹಿಡಿದು, ಬದುಕಿ ಉಳಿದಳು.

ಇಲ್ಲೇ ಆಕೆಯ ನಿಜವಾದ ಪರೀಕ್ಷೆ ಶುರುವಾಯಿತು ಎನ್ನಬೇಕು. ಗಂಡನಿಲ್ಲದ ಹೆಣ್ಣು, ಕೈಯಲ್ಲಿ ಎಳೆಗೂಸು, ಮನೆ ತುಂಬ ಹೊನ್ನು. ಇಂಥ ಸ್ಥಿತಿಯಲ್ಲಿರುವ ಯಾವ ತಾಯಿಯೇ ಆಗಲಿ ಮಗನ ಮುಂದಿನ ದಾರಿಗೆ ಇರಲಿ ಅಂತ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಹಾಗೆ ಮಾಡಿದ್ದರೆ ಆಕೆಯನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅತ್ತಿಮಬ್ಬೆ ಮಾತ್ರ ಬೀಗ ತೆಗೆದಳು.

ಮಿತಿಯ ವ್ರತ

ಜಿನಧರ್ಮದಲ್ಲಿ ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಮುನಿಗಳು ಎಲ್ಲವನ್ನೂ ಬಿಡಬೇಕು. ಸಂಸಾರಸ್ಥರಿಗೆ ಅದು ಆಗದ ಮಾತು. ಆದ್ದರಿಂದ ಅವರಿಗೆ ಹೇಳಿರುವ ಐದನೇ ಅಣುವ್ರತ ಪರಿಗ್ರಹ ಪರಿಮಾಣ. ಅಂದರೆ ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ದವಸ, ಬಟ್ಟೆ, ಪಾತ್ರೆ ಇವುಗಳಲ್ಲಿ ನನಗೆ ಇಷ್ಟು ಸಾಕು ಅಂತ ಮನುಷ್ಯ ತಾನೇ ಒಂದು ಮಿತಿ ಹಾಕಿಕೊಳ್ಳುವುದು. ಮಿತಿ ಮೀರಿ ಬಂದದ್ದು ತನ್ನದಲ್ಲ, ಅದು ಧರ್ಮಕ್ಕೆ ಸೇರಿದ್ದು.

ಈ ವ್ರತದಲ್ಲಿ ಒಂದು ಸೂಕ್ಷ್ಮವಿದೆ. ಏನೂ ಇಲ್ಲದವನಿಗೆ ಮಿತಿ ಹಾಕಿಕೊಳ್ಳುವುದು ಸುಲಭ. ಸಂಪತ್ತು ಹೊಳೆಯಂತೆ ಹರಿದು ಬರುವಾಗ ಹಿಂದೆ ಹಾಕಿಕೊಂಡ ಗೆರೆಯನ್ನು ಸ್ವಲ್ಪ ಮುಂದಕ್ಕೆ ಸರಿಸೋಣ ಅಂತ ಮನಸ್ಸು ಹೇಳುತ್ತೆ. ಇವತ್ತು ಒಂದು ಗೇಣು, ನಾಳೆ ಒಂದು ಮಾರು. ಕೊನೆಗೆ ಗೆರೆಯೇ ಇರುವುದಿಲ್ಲ. ಅತ್ತಿಮಬ್ಬೆಯ ಬಾಳನ್ನು ನೋಡಿದರೆ ಆಕೆ ಆ ಗೆರೆಯನ್ನು ಸರಿಸಿದಂತೆ ಕಾಣುವುದಿಲ್ಲ.

ಸಾವಿರ ಪ್ರತಿಗಳು

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನದಲ್ಲಿ ನಾಲ್ಕು ಬಗೆ. ಹಸಿದವರಿಗೆ ಅನ್ನ ಹಾಕುವ ಸಿರಿವಂತರು ಎಲ್ಲ ಕಾಲದಲ್ಲೂ ಇದ್ದರು. ಅತ್ತಿಮಬ್ಬೆ ಶಾಸ್ತ್ರದಾನಕ್ಕೆ ವಿಶೇಷ ಗಮನ ಕೊಟ್ಟಳು. ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಸಿದ್ದ ಶಾಂತಿಪುರಾಣದ ಪ್ರತಿಗಳು ಸಿಕ್ಕುವುದು ಅಪರೂಪವಾಗುತ್ತಿತ್ತು. ಆಕೆ ಅದರ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ನಾಡಿನಲ್ಲೆಲ್ಲ ಹಂಚಿದಳು.

ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ ಅಂದರೆ ಎಂಥ ಕೆಲಸ! ತಾಳೆಗರಿಯನ್ನು ಹದ ಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಲಿಪಿಕಾರರು ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಗರಿಯ ಮೇಲೆ ಕೊರೆಯಬೇಕು. ಆಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತೆ. ಗರಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಪಟ್ಟಿಯಿಟ್ಟು ಕಟ್ಟಬೇಕು. ಒಂದು ಮಹಾಕಾವ್ಯದ ಒಂದು ಪ್ರತಿಗೇ ಎಷ್ಟೋ ದಿನ ಹಿಡಿಯುತ್ತದೆ. ಸಾವಿರ ಪ್ರತಿಗೆ ಎಷ್ಟು ಕೈಗಳು, ಎಷ್ಟು ಊಟ, ಎಷ್ಟು ಕೂಲಿ ಬೇಕಾಗಿರಬಹುದು ಎಂದು ಭಕ್ತರೇ ಲೆಕ್ಕ ಹಾಕಬಹುದು.

ಅದರ ಫಲ ಏನಾಯಿತು? ಪೊನ್ನನದೇ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ಇವತ್ತು ಸಿಕ್ಕಿಲ್ಲ, ಹೆಸರು ಮಾತ್ರ ಉಳಿದಿದೆ. ಶಾಂತಿಪುರಾಣ ನಮ್ಮ ಕೈಯಲ್ಲಿದೆ. ಪೆಟ್ಟಿಗೆಯಲ್ಲಿದ್ದ ಹೊನ್ನು ಯಾವ ಕಾಲಕ್ಕೋ ಕರಗಿ ಹೋಗುತ್ತಿತ್ತು. ಅಕ್ಷರವಾದ ಹೊನ್ನು ಕರಗಲಿಲ್ಲ.

ಶಾಸ್ತ್ರದಾನದ ಜೊತೆಗೆ ಅತ್ತಿಮಬ್ಬೆ 1500 ಜಿನಪ್ರತಿಮೆಗಳನ್ನು ಚಿನ್ನ ಮತ್ತು ರತ್ನಗಳಲ್ಲಿ ಮಾಡಿಸಿ ದಾನವಿತ್ತಳೆಂದು ಕವಿ ರನ್ನ ಹೇಳುತ್ತಾನೆ. ಬೇಡಿದ್ದನ್ನು ಕೊಡುವ ಚಿಂತಾಮಣಿ ರತ್ನದಂತೆ ಕೊಟ್ಟದ್ದರಿಂದ ದಾನಚಿಂತಾಮಣಿ ಎಂಬ ಹೆಸರು ಬಂತು.

ಬಳೆಗಾರರ ಮಗ ರನ್ನ

ರನ್ನ ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವಿದ್ಯೆಯ ಹಸಿವಿನಿಂದ ದಕ್ಷಿಣಕ್ಕೆ ಬಂದು ಅಜಿತಸೇನಾಚಾರ್ಯರಲ್ಲಿ ಶಿಷ್ಯನಾದ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಅವನನ್ನು ಪೋಷಿಸಿದ. ಮುಂದೆ ಆತನಿಗೆ ಆಸರೆಯಾದವಳು ಅತ್ತಿಮಬ್ಬೆ. ಆಕೆಯ ಪ್ರೇರಣೆಯಿಂದ ರನ್ನ ಎರಡನೇ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ಕ್ರಿ.ಶ. 993ರಲ್ಲಿ ಬರೆದು ಮುಗಿಸಿದ. ಅತ್ತಿಮಬ್ಬೆಯ ಚರಿತ್ರೆಯ ಬಹುಭಾಗ ನಮಗೆ ಗೊತ್ತಾಗಿರುವುದು ಆ ಕಾವ್ಯದಿಂದಲೇ.

ಉಪಕಾರ ಮರೆಯದ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ.

ಬೆಟ್ಟದ ಮೇಲಿನ ಮಳೆ

ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ಕ್ರಿ.ಶ. 981ರಲ್ಲಿ ನಿಲ್ಲಿಸಿದನಷ್ಟೆ. ಆ ಸುದ್ದಿ ಉತ್ತರದ ಚಾಲುಕ್ಯ ಸೀಮೆಗೂ ಮುಟ್ಟಿತು. ಗೊಮ್ಮಟನ ದರ್ಶನವಾಗುವ ತನಕ ಅನ್ನ ಮುಟ್ಟುವುದಿಲ್ಲವೆಂದು ಅತ್ತಿಮಬ್ಬೆ ಸಂಕಲ್ಪ ಮಾಡಿ ಹೊರಟಳು. ಹಸಿದ ಮೈಯಲ್ಲೇ ಬೆಟ್ಟ ಹತ್ತಿದಳು. ಆಯಾಸದಿಂದ ಬಳಲಿ ಮೇಲೆ ಬಂದಾಗ ಅಕಾಲದಲ್ಲಿ ಮಳೆ ಸುರಿದು ಆಕೆಯ ದಣಿವನ್ನು ತಣಿಸಿತು ಎಂಬುದು ಪ್ರಸಿದ್ಧವಾದ ಕಥೆ.

ಇಂಥ ಮಹಿಮೆಗಳು ಇನ್ನೂ ಉಂಟು. ಉಕ್ಕಿ ಹರಿಯುತ್ತಿದ್ದ ಗೋದಾವರಿ ಆಕೆಯ ಶೀಲಕ್ಕೆ ಮಣಿದು ತಗ್ಗಿತಂತೆ. ನದಿಯಲ್ಲಿ ಬಿದ್ದುಹೋದ ಜಿನಬಿಂಬ ಸಿಗುವ ತನಕ ಉಪವಾಸವಿದ್ದಾಗ ಎಂಟನೇ ದಿನ ಅದು ಮರಳಿ ದೊರೆಯಿತಂತೆ. ನಂಬುವವರು ನಂಬುತ್ತಾರೆ. ಆದರೆ ಈ ಕಥೆಗಳಲ್ಲಿ ಗಮನಿಸಬೇಕಾದದ್ದು ಒಂದಿದೆ. ಹೊನ್ನು ಕೊಟ್ಟು ಮಾಡಿಸಬಹುದಾದ ಪುಣ್ಯವನ್ನು ಆಕೆ ಬೇರೆಯವರ ಕೈಯಲ್ಲಿ ಮಾಡಿಸಿ ಸುಮ್ಮನಾಗಲಿಲ್ಲ. ಹಸಿವನ್ನು ತಾನೇ ಹಸಿದಳು. ಹಣದಿಂದ ಕೊಡುವ ದಾನದ ಜೊತೆಗೆ ಮೈಯಿಂದ ಮಾಡುವ ವ್ರತವನ್ನೂ ಬಿಡಲಿಲ್ಲ.

ಲೊಕ್ಕಿಗುಂಡಿಯ ಬಸದಿ

ಕಾಲ ಮತ್ತೆ ತಿರುಗಿತು. ಮಗ ದೊಡ್ಡವನಾದ. ತೈಲಪನ ನಂತರ ಅವನ ಮಗ ಇರಿವಬೆಡಂಗ ಸತ್ಯಾಶ್ರಯ ಪಟ್ಟಕ್ಕೆ ಬಂದಾಗ ಅತ್ತಿಮಬ್ಬೆಯ ಮಗ ಪಡೆವಳ ತೈಲ ಎಂಬ ಹೆಸರಿನಿಂದ ಮಾಸವಾಡಿ ನಾಡನ್ನು ಆಳುತ್ತಿದ್ದ. ಪಡೆವಳ ಅಂದರೆ ದಂಡನಾಯಕ. ಈಗ ಆಕೆ ನಾಡನ್ನಾಳುವವನ ತಾಯಿ. ಇಷ್ಟು ದಿನ ಕಷ್ಟಪಟ್ಟದ್ದು ಸಾಕು, ಇನ್ನು ಮಗನ ನೆರಳಿನಲ್ಲಿ ಸುಖವಾಗಿರೋಣ ಎಂದುಕೊಳ್ಳಬಹುದಿತ್ತು. ಆಕೆಯ ಕೈ ಆಗಲೂ ಮಡಚಲಿಲ್ಲ. ಲೊಕ್ಕಿಗುಂಡಿಯಲ್ಲಿ, ಅಂದರೆ ಈಗಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ದೊಡ್ಡ ಜಿನಾಲಯವನ್ನು ಕಟ್ಟಿಸಿ, ಅದರ ಪೂಜೆ ದಾನಾದಿಗಳಿಗೆ ಭೂಮಿ ಬಿಡಿಸಿದಳು. ಕ್ರಿ.ಶ. 1007ರ ಶಾಸನ ಇದನ್ನು ಸಾರುತ್ತದೆ. ಬ್ರಹ್ಮ ಜಿನಾಲಯವೆಂದು ಹೆಸರಾದ ಆ ಕಲ್ಲಿನ ಬಸದಿ ಇವತ್ತಿಗೂ ನಿಂತಿದೆ.

ಯಾತ್ರಿಕರಿಗೆ

ವಿಂಧ್ಯಗಿರಿಯ ಮೇಲೆ 57 ಅಡಿಗೂ ಮಿಕ್ಕಿ ನಿಂತಿರುವ ಬಾಹುಬಲಿಯು ಗೆದ್ದ ರಾಜ್ಯವನ್ನೇ ಬಿಟ್ಟು ನಡೆದವನು. ಅಷ್ಟು ದೊಡ್ಡ ತ್ಯಾಗ ನಮ್ಮಂಥ ಸಂಸಾರಿಗಳಿಗೆ ಎಟುಕುವುದಿಲ್ಲ ಎನಿಸಿದರೆ ತಪ್ಪಿಲ್ಲ. ಅಂಥವರಿಗೆ ಅತ್ತಿಮಬ್ಬೆ ಇದ್ದಾಳೆ. ಆಕೆ ಮನೆ ಬಿಡಲಿಲ್ಲ, ಮಗನನ್ನು ಬಿಡಲಿಲ್ಲ, ಸಂಪತ್ತು ಬಂದರೆ ಬೇಡವೆನ್ನಲಿಲ್ಲ. ಬಂದದ್ದು ತನ್ನದೆಂದು ಮಾತ್ರ ಎಣಿಸಲಿಲ್ಲ. ನೇಮವೆಂಬುದು ಬಡತನದಲ್ಲಿ ಹುಟ್ಟಿ ಸಿರಿತನದಲ್ಲಿ ಸಾಯುವಂಥದ್ದಾದರೆ ಅದು ನೇಮವಲ್ಲ, ಬರೀ ನಿರ್ವಾಹವಿಲ್ಲದ್ದು. ಎರಡನ್ನೂ ದಾಟಿ ಉಳಿದದ್ದೇ ನೇಮ.

ಎದುರಿನ ಚಂದ್ರಗಿರಿಗೂ ಹೋಗುವ ಭಕ್ತರು ಅಲ್ಲಿನ ಬಂಡೆಯ ಮೇಲೆ ಕವಿರತ್ನನೆಂಬ ರನ್ನನ ಬಿರುದು ಕೆತ್ತಿರುವುದನ್ನು ನೋಡಬಹುದು. ಅತ್ತಿಮಬ್ಬೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಸಾಧಕ ಮಹಿಳೆಯರಿಗೆ ಪ್ರಶಸ್ತಿ ಕೊಡುತ್ತಿದೆ. ಬೆಟ್ಟ ಇಳಿಯುವಾಗ ಒಂದು ಕ್ಷಣ ಆ ತಾಯಿಯನ್ನು ನೆನೆದು, ತಮಗೆ ಎಷ್ಟು ಸಾಕು ಎಂಬ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡು ಊರಿಗೆ ಹೋದರೆ, ಹತ್ತಿದ ಬೆಟ್ಟ ಸಾರ್ಥಕ.

ಸರ್ವರಿಗೂ ಮಂಗಳವಾಗಲಿ.