ನಗುವಿಗೆ ಕರೆಂಟು ಕೊಟ್ಟ ಡಾಕ್ಟರ್

ಫ್ಯಾರಡೆಯ ಇಂಡಕ್ಷನ್ ನಿಯಮವನ್ನ ಫಸ್ಟ್ ಇಯರಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಉಪಯೋಗಗಳು ಅಂತ ಕೇಳಿದಾಗ ಟ್ರಾನ್ಸ್‌ಫಾರ್ಮರ್, ಜನರೇಟರ್, ಇಂಡಕ್ಷನ್ ಒಲೆ ಅಂತ ಬರೆದು ಮಾರ್ಕ್ಸೂ ತಗೊಂಡಿದ್ದೇವೆ. ಅದೇ ಕಾಯಿಲ್ ಇಟ್ಟುಕೊಂಡು ಒಬ್ಬ ಮನುಷ್ಯ ನಿಜವಾದ ನಗು ಯಾವುದು, ಸುಳ್ಳು ನಗು ಯಾವುದು ಅಂತ ಹುಡುಕಿದ್ದ ಅನ್ನೋದು ಮಾತ್ರ ಯಾವ ನೋಟ್ಸಲ್ಲೂ ಇರಲಿಲ್ಲ. ಅವನ ಹೆಸರು ಡುಶೆನ್.

ನಮಗೆ ಅವನು ಸಿಕ್ಕಿದ್ದು ಸಿಲಬಸ್ಸಿನಿಂದ ಅಲ್ಲ. ನಾವು ಮೂವರು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನವರು. ಹುಬ್ಬಳ್ಳಿ ಕಡೆಯಿಂದ ಊರಿಗೆ ಹೋಗೋ ಟ್ರೈನಲ್ಲಿ ಇದೇ ಕ್ರಮದಲ್ಲಿ ಒಬ್ಬೊಬ್ಬರೇ ಇಳೀತೀವಿ. ಮೂವರಲ್ಲಿ ಒಬ್ಬರಿಗೆ ಆಟಿಸಂ ಇದೆ. ಯಾರಿಗೆ ಅಂತ ಬರೆಯಲ್ಲ. ಲೇಖನ ಪೂರ್ತಿ ನಾವು ಅಂತಲೇ ಇರಬೇಕು ಅನ್ನೋದು ಅವರದೇ ಷರತ್ತು, ಉಳಿದಿಬ್ಬರಿಗೂ ಒಪ್ಪಿಗೆ.

ಕಳೆದ ವರ್ಷ ಒಂದು ಗುಂಪು ನಮ್ಮನ್ನ ದಿನಾ ಕರೆದು ಟೀ ಕುಡಿಸುತ್ತಿತ್ತು. 2008ರಿಂದ ಇಲ್ಲಿವರೆಗಿನ ಐಪಿಎಲ್ ಸ್ಕೋರ್‌ಕಾರ್ಡುಗಳು ನಮಗೆ ಬಾಯಿಗೆ ಬರುತ್ತವೆ. ಅವರು ಒಂದೊಂದೇ ಮ್ಯಾಚ್ ಕೇಳೋರು, ನಾವು ಹೇಳೋರು, ಅವರು ನಗೋರು. ನಾವೂ ನಗುತ್ತಿದ್ದೆವು. ಕಾಲೇಜಿಗೆ ಬಂದು ಇಷ್ಟು ಬೇಗ ಗೆಳೆಯರು ಸಿಕ್ಕರಲ್ಲ ಅಂತ ಮನೆಗೂ ಫೋನ್ ಮಾಡಿ ಹೇಳಿದ್ದೆವು. ಒಂದು ಸೆಮಿಸ್ಟರ್ ಕಳೆದ ಮೇಲೆ ಅದರ ವಿಡಿಯೊ ಇನ್ಯಾರದೋ ಫೋನಲ್ಲಿ ಕಾಣಿಸಿತು. ಕೆಳಗೆ ಬರೆದಿದ್ದ ಕಮೆಂಟು ಓದಿದ ಮೇಲೆ ಆ ನಗು ಏನಂತ ಗೊತ್ತಾಯ್ತು. ಮುಖ ನೋಡಿ ಗೊತ್ತಾಗದ್ದು ಅಕ್ಷರ ಓದಿ ಗೊತ್ತಾಯ್ತು. ಆಮೇಲೆ ನಾವು ನಗುವನ್ನ ಒಂದು ಸಬ್ಜೆಕ್ಟ್ ಥರ ಓದೋಕೆ ಕೂತೆವು. ಮೊದಲ ಪುಟದಲ್ಲೇ ಈ ಹೆಸರು ಬಂತು.

ಗಿಯೋಮ್ ಡುಶೆನ್ ಹುಟ್ಟಿದ್ದು 1806ರ ಸೆಪ್ಟೆಂಬರಲ್ಲಿ, ಫ್ರಾನ್ಸಿನ ಉತ್ತರ ತೀರದ ಬೂಲೋನ್ ಅನ್ನೋ ಬಂದರು ಊರಲ್ಲಿ. ಮನೆತನವೇ ಸಮುದ್ರದ್ದು. ಅಪ್ಪ ಹಡಗಿನ ಕ್ಯಾಪ್ಟನ್, ಮಗನೂ ಹಡಗು ಹತ್ತಲಿ ಅಂತ ಅವನ ಆಸೆ. ಮಗ ಪ್ಯಾರಿಸ್ಸಿಗೆ ಹೋಗಿ ಡಾಕ್ಟರ್ ಆದ. ಪಾಸಾದದ್ದು 1831ರಲ್ಲಿ. ಫ್ಯಾರಡೆ ಲಂಡನ್ನಿನಲ್ಲಿ ಇಂಡಕ್ಷನ್ ಕಂಡುಹಿಡಿದದ್ದೂ ಅದೇ ವರ್ಷ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಕ್ಕಿಲ್ಲ, ಆದರೂ ನಮಗಂತೂ ಇದು ಖುಷಿ ಕೊಟ್ಟ ಕಾಕತಾಳೀಯ.

ಊರಿಗೆ ವಾಪಸ್ ಬಂದು ಪ್ರಾಕ್ಟೀಸ್ ಶುರು ಮಾಡಿದ, ಮದುವೆ ಆದ. 1833ರಲ್ಲಿ ಮಗ ಹುಟ್ಟಿದ, ಬಾಣಂತಿ ಜ್ವರದಲ್ಲಿ ಹೆಂಡತಿ ತೀರಿಕೊಂಡಳು. ಹೆರಿಗೆ ಹೊತ್ತಲ್ಲಿ ಜೊತೆಗಿದ್ದದ್ದು ಅವನೊಬ್ಬನೇ ಅಂತ ಊರು ಆಡಿಕೊಂಡಿತು. ಮಗುವನ್ನ ಹೆಂಡತಿಯ ತಾಯಿ ತಮ್ಮಲ್ಲೇ ಇಟ್ಟುಕೊಂಡರು. ಆ ಅಪ್ಪ ಮಗ ಮತ್ತೆ ಕೂಡಿದ್ದು ಹತ್ತಿರ ಹತ್ತಿರ 30 ವರ್ಷ ಆದಮೇಲೆ. ಎರಡನೇ ಮದುವೆಯೂ ನಿಲ್ಲಲಿಲ್ಲ. 1842ರಲ್ಲಿ ಊರು ಬಿಟ್ಟು ಪ್ಯಾರಿಸ್ ಸೇರಿದ.

ಪ್ಯಾರಿಸ್ಸಿನಲ್ಲಿ ಅವನಿಗೆ ಯಾವ ಆಸ್ಪತ್ರೆಯಲ್ಲೂ ನೌಕರಿ ಇರಲಿಲ್ಲ, ಕೊನೆವರೆಗೂ ಸಿಗಲಿಲ್ಲ. ಪ್ರೊಫೆಸರ್ ಅಲ್ಲ, ವಾರ್ಡ್ ಇಲ್ಲ, ಶಿಷ್ಯರಿಲ್ಲ. ಬ್ಯಾಟರಿ ಮತ್ತೆ ಇಂಡಕ್ಷನ್ ಕಾಯಿಲ್ ಇದ್ದ ಒಂದು ಪೆಟ್ಟಿಗೆ ಹಿಡಿದು ಬೆಳಗ್ಗೆ ಬೆಳಗ್ಗೆ ಒಂದೊಂದು ಆಸ್ಪತ್ರೆಗೆ ಹೋಗೋನು. ಸೋತ ಕೈ, ಎಳೆಯೋ ಕಾಲು ಇರೋ ರೋಗಿಗಳನ್ನ ಹುಡುಕಿ ಯಾವ ಸ್ನಾಯು ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ಒಂದೊಂದೇ ಪರೀಕ್ಷೆ ಮಾಡೋನು. ರೋಗಿ ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಗೂ ಹೋಗೋನು, ಮನೆಗೂ ಹೋಗೋನು, ವರ್ಷಗಟ್ಟಲೆ ಬಿಡ್ತಿರಲಿಲ್ಲ. ಕೇಳಿದ ಪ್ರಶ್ನೆನೇ ಮತ್ತೆ ಮತ್ತೆ ಕೇಳೋನು. ಮಾತುಗಾರಿಕೆ ಬರ್ತಿರಲಿಲ್ಲ, ಸಭೆಯಲ್ಲಿ ಮಾತಾಡಲಿಕ್ಕೆ ಸಂಕೋಚ. ಆಸ್ಪತ್ರೆಯ ಎಳೆ ಡಾಕ್ಟರುಗಳಿಗೆ ಅವನೊಂದು ತಮಾಷೆ. ಹೆಸರು ಬೇರೆ ತೊಂದರೆ: ಪ್ಯಾರಿಸ್ಸಿನಲ್ಲಿ ಅದೇ ಥರ ಹೆಸರಿನ ಇನ್ನೊಬ್ಬ ಡಾಕ್ಟರ್ ಮೊದಲೇ ಇದ್ದ. ಗೊಂದಲ ಬೇಡ ಅಂತ ತನ್ನ ಹೆಸರಿನ ಮುಂದೆ ಊರಿನ ಹೆಸರು ಹಚ್ಚಿಕೊಂಡ, ಬೂಲೋನಿನ ಡುಶೆನ್ ಅಂತ. ನಮ್ಮ ಕಡೆ ಇದು ಹೊಸದೇನಲ್ಲ, ಅರ್ಧ ಜನರ ಅಡ್ಡಹೆಸರೇ ಊರು. ಇಷ್ಟು ಓದಿದಾಗ ಇವನಿಗೂ ನಮ್ಮ ಹಾಗೇ ಇತ್ತೇನೋ ಅಂತ ಹೇಳೋ ಆಸೆ ಆಗುತ್ತೆ. ಸತ್ತವರಿಗೆ ಡಯಾಗ್ನೋಸಿಸ್ ಬರೆಯೋ ಕೆಲಸ ನಮ್ಮದಲ್ಲ, ಬಿಟ್ಟುಬಿಡ್ತೀವಿ.

ಅವನ ಕೆಲಸದಲ್ಲಿ ಎಂಜಿನಿಯರಿಂಗ್ ಇರೋದು ಎಲ್ಲಿ ಅಂದ್ರೆ ಎಲೆಕ್ಟ್ರೋಡಲ್ಲಿ. ಅದಕ್ಕೆ ಮುಂಚೆ ಚರ್ಮದೊಳಗೆ ಸೂಜಿ ಚುಚ್ಚಿ ಕರೆಂಟ್ ಕೊಡುತ್ತಿದ್ದರು. ಡುಶೆನ್ ಒದ್ದೆ ಮಾಡಿದ ಎಲೆಕ್ಟ್ರೋಡನ್ನ ಚರ್ಮದ ಮೇಲೇ ಒತ್ತಿ ಇಟ್ಟ. ಒಣ ಚರ್ಮದ ರೆಸಿಸ್ಟೆನ್ಸ್ ಜಾಸ್ತಿ, ಒದ್ದೆ ಆದರೆ ಇಳಿಯುತ್ತೆ, ಕರೆಂಟು ಕೆಳಗಿನ ಸ್ನಾಯುವಿಗೆ ತಲುಪುತ್ತೆ. ಜಾಗ ಸರಿಯಾಗಿ ಹಿಡಿದರೆ ಒಂದೇ ಒಂದು ಸ್ನಾಯು ಕುಣಿಯುತ್ತೆ, ಪಕ್ಕದ್ದು ಸುಮ್ಮನಿರುತ್ತೆ. ಹೆಣ ಕೊಯ್ಯದೆ, ಬದುಕಿದ ಮನುಷ್ಯನ ಮೇಲೇ ಅಂಗರಚನೆ ಓದೋ ದಾರಿ ಇದು. 1855ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕ ತಂದ. ಆಮೇಲೆ ಕೈ ಹಾಕಿದ್ದು ಮುಖಕ್ಕೆ.

ಮುಖಕ್ಕೆ ಕರೆಂಟ್ ಕೊಟ್ಟರೆ ನೋವಾಗುತ್ತೆ, ನೋವಾದರೆ ಬೇರೆ ಸ್ನಾಯುಗಳೂ ಎಳೆಯುತ್ತವೆ, ರೀಡಿಂಗ್ ಕೆಡುತ್ತೆ. ಅವನಿಗೆ ಸಿಕ್ಕಿದ್ದು ಹಲ್ಲಿಲ್ಲದ, ಸಣಕಲು ಮುಖದ ಒಬ್ಬ ಮುದುಕ. ಆ ಮುದುಕನ ಮುಖದ ಚರ್ಮಕ್ಕೆ ಸ್ಪರ್ಶಜ್ಞಾನ ಇರಲಿಲ್ಲ. ಎಲೆಕ್ಟ್ರೋಡ್ ಇಟ್ಟರೆ ಹುಬ್ಬು ಗಂಟಿಕ್ಕುತ್ತೆ, ಬಾಯಿ ಸೊಟ್ಟಾಗುತ್ತೆ, ಭಯ ಕಾಣುತ್ತೆ, ಅಳು ಕಾಣುತ್ತೆ. ಒಳಗೆ ಏನೂ ಇಲ್ಲ. ಆಗಿನ ಕ್ಯಾಮೆರಾಗೆ ಸೆಕೆಂಡುಗಟ್ಟಲೆ ಬೆಳಕು ಬೇಕಿತ್ತು, ನಿಜವಾದ ಭಾವನೆ ಅಷ್ಟು ಹೊತ್ತು ನಿಲ್ಲೋದಿಲ್ಲ. ಕರೆಂಟು ನಿಲ್ಲಿಸಿ ಹಿಡೀತಿತ್ತು. ಕೆಲವು ಫೋಟೋ ತೆಗೆಯಲಿಕ್ಕೆ ಹೆಸರಾಂತ ಫೋಟೋಗ್ರಾಫರ್ ನಾದಾರ್‌ನ ತಮ್ಮ ನೆರವಾದ. 1862ರಲ್ಲಿ ಈ ಫೋಟೋಗಳ ಜೊತೆ ಮುಖದ ಬಗ್ಗೆ ಪುಸ್ತಕ ಬಂತು. ಗ್ರೀಕ್ ಶಿಲ್ಪಿಗಳು ಹಣೆಯ ಗೆರೆ ತಪ್ಪು ಕೆತ್ತಿದ್ದಾರೆ, ಆ ಎರಡು ಗೆರೆ ಒಟ್ಟಿಗೆ ಬರೋದೇ ಇಲ್ಲ ಅಂತ ಅದರಲ್ಲಿ ತಕರಾರು ಬೇರೆ ತೆಗೆದಿದ್ದಾನೆ.

ನಗುವಿನ ಭಾಗ ಹೀಗೆ. ಕೆನ್ನೆಯ ಮೂಳೆಯಿಂದ ತುಟಿಯ ತುದಿಗೆ ಒಂದು ಸ್ನಾಯು ಇಳೀತದೆ. ಅದನ್ನ ಎಳೆದರೆ ತುಟಿ ಮೇಲೇಳುತ್ತೆ. ಇದು ನಾವು ಹೇಳಿದ ಹಾಗೆ ಕೇಳುತ್ತೆ, ರಾಣೆಬೆನ್ನೂರಿನ ಸ್ಟುಡಿಯೋದಲ್ಲಿ ಸ್ವಲ್ಪ ನಗ್ರಿ ಅಂದರೂ ಸಾಕು. ಕಣ್ಣಿನ ಸುತ್ತ ಉಂಗುರದ ಹಾಗೆ ಇನ್ನೊಂದು ಸ್ನಾಯು ಇದೆ. ನಿಜವಾಗಿ ಖುಷಿ ಆದಾಗ ಅದೂ ಬಿಗಿಯುತ್ತೆ, ಕೆನ್ನೆ ಏರುತ್ತೆ, ಕಣ್ಣಿನ ಹೊರತುದಿಗೆ ಸುಕ್ಕು ಬೀಳುತ್ತೆ. ಅದು ಅಪ್ಪಣೆಗೆ ಬಗ್ಗೋದಿಲ್ಲ, ಮನಸ್ಸಿನ ಸಂತೋಷಕ್ಕೆ ಮಾತ್ರ ಬಗ್ಗುತ್ತೆ ಅಂತ ಡುಶೆನ್ ತೀರ್ಮಾನಿಸಿದ. ನೂರು ವರ್ಷದ ಮೇಲೆ ಪಾಲ್ ಎಕ್ಮನ್ ಮತ್ತು ಅವನ ಜೊತೆಗಾರರು ಕಣ್ಣೂ ಸೇರಿ ನಗೋ ನಗುವಿಗೆ ಡುಶೆನ್ ಸ್ಮೈಲ್ ಅಂತ ಹೆಸರಿಟ್ಟರು.

ಇದನ್ನ ಓದಿದ ದಿನ ನಮಗೆ ಫಾರ್ಮುಲಾ ಸಿಕ್ಕ ಹಾಗಾಯ್ತು. ಬಾಯಿ ಬಿಡು, ಕಣ್ಣು ನೋಡು. ಬ್ಯಾಡಗಿಯವರಿಗೆ ಇದು ಇನ್ನೂ ಸುಲಭ, ಯಾಕಂದ್ರೆ ಬ್ಯಾಡಗಿ ಮೆಣಸಿನಕಾಯಿಯ ಗುರುತೇ ಸುಕ್ಕು. ಕಡುಗೆಂಪು, ಖಾರ ಕಡಿಮೆ, ಮೈತುಂಬ ಸುಕ್ಕು. 2011ರಲ್ಲಿ ಜಿಐ ಟ್ಯಾಗೂ ಬಂತು. ಆದರೆ ಈಗ ಅದೇ ಥರ ಸುಕ್ಕಿರೋ ಹೈಬ್ರಿಡ್ ತಳಿಗಳೂ ಮಾರ್ಕೆಟ್ಟಿಗೆ ಬರುತ್ತವೆ, ಸುಕ್ಕೊಂದನ್ನೇ ನೋಡಿ ಕೊಂಡವರು ಕೆಡುತ್ತಾರೆ. ನಗುವಿನ ಕಥೆಯೂ ಅಲ್ಲಿಗೇ ಬಂತು. ಕಣ್ಣಿನ ಸುಕ್ಕನ್ನ ಬೇಕಂತಲೇ ತರಬಲ್ಲವರು ಬಹಳ ಜನ ಇದ್ದಾರೆ ಅಂತ ಈಚಿನ ಪ್ರಯೋಗಗಳು ತೋರಿಸಿವೆ. ಡುಶೆನ್ ಅಷ್ಟರ ಮಟ್ಟಿಗೆ ತಪ್ಪಿದ್ದ. ಅದೂ ಅಲ್ಲದೆ ನಮಗೆ ಕಣ್ಣು ನೋಡೋದೇ ಕಷ್ಟ. ಎದುರಿನವರ ಕಣ್ಣು ನೋಡಿದರೆ ಅವರ ಮಾತು ಕೇಳಿಸಲ್ಲ, ಮಾತು ಕೇಳಿಸಿಕೊಂಡರೆ ಕಣ್ಣು ನೋಡೋಕಾಗಲ್ಲ. ಎರಡು ತಿಂಗಳು ಪ್ರಯತ್ನ ಮಾಡಿದೆವು. ಯಾಕೆ ಹಿಂಗೆ ಗುರಾಯಿಸ್ತೀರಿ ಅಂತ ಇಬ್ಬರು ಜಗಳಕ್ಕೇ ಬಂದರು. ಹಾವೇರಿ ದನದ ಸಂತೆ ನಮಗೆ ಎಷ್ಟೋ ವಾಸಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮುಗಿಸ್ತಾರೆ, ಮುಖದಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ.

ಡುಶೆನ್ನನ ಮುಖದ ಪುಸ್ತಕಕ್ಕೆ ಪ್ಯಾರಿಸ್ಸಲ್ಲಿ ದೊಡ್ಡ ಗೌರವ ಸಿಗಲಿಲ್ಲ. ಓದಿದವನು ಡಾರ್ವಿನ್. ಡುಶೆನ್ನನ ಒಪ್ಪಿಗೆ ಪಡೆದು, 1872ರ ತನ್ನ ಪುಸ್ತಕದಲ್ಲಿ ಆ ಫೋಟೋಗಳನ್ನ ಬಳಸಿದ. ಬಾಯಿಗೆ ಮಾತ್ರ ಕರೆಂಟ್ ಕೊಟ್ಟು ನಗಿಸಿದ ಮುದುಕನ ಫೋಟೋವನ್ನ ಡಾರ್ವಿನ್ 24 ಜನರಿಗೆ ತೋರಿಸಿದ್ದ. ಹೆಚ್ಚಿನವರು ಇದು ನಗುವಿನ ಜಾತಿಯದೇ, ಆದರೆ ಏನೋ ಸರಿಯಿಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. 3 ಜನರಿಗೆ ಮಾತ್ರ ಅದೇನು ಅಂತಲೇ ತಿಳಿಯಲಿಲ್ಲ. ಡಾರ್ವಿನ್ ಅವರನ್ನ ಅಲ್ಲೇ ಬಿಟ್ಟು ಮುಂದೆ ಹೋಗ್ತಾನೆ. ನಾವು ಆ ಮೂವರ ಹತ್ತಿರ ಸ್ವಲ್ಪ ಹೊತ್ತು ನಿಂತೆವು.

ಡಾಕ್ಟರುಗಳಿಗೆ ಡುಶೆನ್ ಅಂದರೆ ನೆನಪಾಗೋದು ಬೇರೆ, ಹುಡುಗರ ಸ್ನಾಯು ಸವೆಯೋ ಕಾಯಿಲೆ. 1868ರಲ್ಲಿ 13 ರೋಗಿಗಳ ವಿವರ ಕೊಟ್ಟು ಬರೆದ. ಬದುಕಿರೋ ರೋಗಿಯ ಸ್ನಾಯುವಿನ ಚೂರು ತೆಗೆದು ನೋಡಲಿಕ್ಕೆ ತಾನೇ ಒಂದು ಸೂಜಿಯನ್ನೂ ರೂಪಿಸಿಕೊಂಡಿದ್ದ. ಅಷ್ಟರಲ್ಲಿ ಅವನನ್ನ ನೋಡಿ ನಗೋರು ಕಡಿಮೆ ಆಗಿದ್ದರು. ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ, ಆ ಕಾಲದ ನರರೋಗದ ದೊಡ್ಡ ಡಾಕ್ಟರ್, ಡುಶೆನ್ ತನ್ನ ಗುರು ಅಂತ ಒಪ್ಪಿಕೊಂಡ. ಮಗನೂ ಡಾಕ್ಟರಾಗಿ ಅಪ್ಪನ ಹತ್ತಿರ ಬಂದ, ಕೆಲವು ವರ್ಷ ಜೊತೆಗೆ ಕೆಲಸ ಮಾಡಿದ. ಜರ್ಮನ್ನರು ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದ ಆಸುಪಾಸಿನಲ್ಲೇ ಟೈಫಾಯ್ಡಿಗೆ ತೀರಿಕೊಂಡ. ಡುಶೆನ್ ಅದಾಗಿ ಕೆಲವೇ ವರ್ಷ ಬದುಕಿದ, 1875ರ ಸೆಪ್ಟೆಂಬರಲ್ಲಿ ಮೆದುಳಿನ ರಕ್ತಸ್ರಾವದಿಂದ ಸತ್ತ. ಕೊನೆಯ ದಿನಗಳಲ್ಲಿ ಶಾರ್ಕೋ ಹಾಸಿಗೆ ಪಕ್ಕ ಕೂತಿದ್ದ.

ಅವನೂ ಮುದುಕನೂ ಜೊತೆಗಿರೋ ಒಂದು ಫೋಟೋ ಇದೆ. ಮುದುಕ ಬಾಯಿ ಅಗಲಿಸಿ ನಗ್ತಾ ಇದ್ದಾನೆ. ಡುಶೆನ್ ಪಕ್ಕದಲ್ಲಿ ನಿಂತು ಎಲೆಕ್ಟ್ರೋಡ್ ಹಿಡಿದಿದ್ದಾನೆ, ಅವನ ಮುಖದಲ್ಲಿ ನಗುವಿಲ್ಲ. ಕಳೆದ ಸಲ ಊರಿಗೆ ಹೋಗುವಾಗ ಟ್ರೈನಲ್ಲಿ ಅದನ್ನ ದೊಡ್ಡದು ಮಾಡಿ ನೋಡಿದೆವು. ಡುಶೆನ್‌ಗೆ ಆಗ ಏನನ್ನಿಸುತ್ತಿತ್ತು ಅಂತ ಪ್ರಶ್ನೆ. ಸಿಟ್ಟು ಅಂದರು ಒಬ್ಬರು. ಸುಸ್ತು ಅಂದರು ಇನ್ನೊಬ್ಬರು. ಇಲ್ಲ, ಬಹಳ ಖುಷಿಯಲ್ಲಿದ್ದಾನೆ, ನಮಗೂ ಖುಷಿ ಆದಾಗ ಮುಖ ಹಿಂಗೇ ಇರುತ್ತೆ ಅಂದರು ಮೂರನೆಯವರು. ಹಾವೇರಿ ಬಂತು, ಒಬ್ಬರು ಇಳಿದರು.