ಚಿತ್ರಗಾರ ಕೆ. ವೆಂಕಟಪ್ಪನವರು

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಳೇ ಮನೆಗಳಲ್ಲಿ ಮೈಸೂರು ಶೈಲಿಯ ದೇವರ ಪಟಗಳನ್ನು ಭಕ್ತಾದಿಗಳು ನೋಡಿರಬಹುದು. ಬರೆದವರ ಹೆಸರು ಮಾತ್ರ ಹುಡುಕಿದರೂ ಸಿಗೋದು ಅಪರೂಪ. ಅಂಥ ಚಿತ್ರಗಾರರ ಮನೆತನದಲ್ಲೇ 1886ರಲ್ಲಿ ವೆಂಕಟಪ್ಪನವರು ಜನಿಸಿದರು. ತಂದೆ ಕೃಷ್ಣಪ್ಪನವರು ಮೈಸೂರು ಅರಮನೆಯ ಚಿತ್ರಗಾರರು. ಹೊರಗಿನವರಿಗೆ ಅವರ ಹೆಸರು ಅಷ್ಟಾಗಿ ತಿಳಿಯಲಿಲ್ಲ. ಮಗನ ಕೈಗುಣ ಕಂಡು ನಾಲ್ವಡಿ ಕೃಷ್ಣರಾಜ ಒಡೆಯರ್ ಪ್ರಭುಗಳು ಕಲ್ಕತ್ತೆಗೆ ಕಳಿಸಿಕೊಟ್ಟರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು, ನಂದಲಾಲ್ ಬೋಸರು ಸಹಪಾಠಿ. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದರು. ಮದುವೆ ಆಗಲಿಲ್ಲ, ಬಣ್ಣವೇ ಸಂಸಾರ. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರ ಅವರ ಹೆಸರಿನ ಚಿತ್ರಶಾಲೆ ಕಟ್ಟಿಸಿತು. ಊಟಿಯ ಬೆಟ್ಟಗಳನ್ನು ಬರೆದ ಚಿತ್ರಗಳು ಅದರ ಸಂಗ್ರಹದಲ್ಲಿವೆ. ತಂದೆಯವರ ಪಟಗಳಿಗೆ ಆ ಭಾಗ್ಯ ಬರಲಿಲ್ಲ.