ಸೂಯೆಜ್ ಸುಳಿಗೆ ಸಿಕ್ಕ ಆಂಟನಿ ಈಡನ್

ಪರದೇಶದ ನೆಲಕ್ಕೆ ಸೇನೆಯನ್ನು ಕಳುಹಿಸುವ ತೀರ್ಮಾನ ಸಚಿವ ಸಂಪುಟ, ಸಂಸತ್ತು ಹಾಗೂ ಸೇನಾ ಮುಖ್ಯಸ್ಥರ ಸಮಾಲೋಚನೆಯ ಫಲವಾಗಿರಬೇಕೆಂಬುದು ಪ್ರಜಾಪ್ರಭುತ್ವದ ನಿಯಮ. ಆದರೆ ನಾಯಕನೊಬ್ಬನ ಹಳೆಯ ನೆನಪು ಮತ್ತು ಹಟ ಈ ನಿಯಮವನ್ನೇ ಬದಿಗೊತ್ತಬಲ್ಲವು. 1956ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ ಬ್ರಿಟನ್ ಪ್ರಧಾನಿ ಆಂಟನಿ ಈಡನ್ ಅವರ ಬದುಕು ಇದಕ್ಕೆ ನಿದರ್ಶನ.

1897ರ ಜೂನ್ 12ರಂದು ಇಂಗ್ಲೆಂಡಿನ ಡರ್ಹಾಂ ಪ್ರಾಂತ್ಯದಲ್ಲಿ ಜನಿಸಿದ ಈಡನ್ ಯುದ್ಧವನ್ನು ಹತ್ತಿರದಿಂದ ಬಲ್ಲವರು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪದಕ ಪಡೆದರು. ಇಬ್ಬರು ಸಹೋದರರನ್ನು ಅದೇ ಯುದ್ಧದಲ್ಲಿ ಕಳೆದುಕೊಂಡರು. ಬಳಿಕ ಆಕ್ಸ್‌ಫರ್ಡ್‌ನಲ್ಲಿ ಪಾರಸಿ ಮತ್ತು ಅರಬ್ಬಿ ಭಾಷೆಗಳನ್ನು ಅಭ್ಯಾಸ ಮಾಡಿದರು. 1935ರಲ್ಲಿ, 38ರ ವಯಸ್ಸಿಗೇ ವಿದೇಶಾಂಗ ಸಚಿವರಾದರು. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯನ್ನು ಓಲೈಸುವ ಪ್ರಧಾನಿ ಚೇಂಬರ್ಲೇನ್ ಅವರ ಧೋರಣೆಯನ್ನು ಒಪ್ಪದೆ 1938ರ ಫೆಬ್ರವರಿಯಲ್ಲಿ ಪದತ್ಯಾಗ ಮಾಡಿದರು. ಆ ರಾಜೀನಾಮೆ ಅವರಿಗೆ ಅಪಾರ ಕೀರ್ತಿ ತಂದಿತು. ಸರ್ವಾಧಿಕಾರಿಗೆ ಆರಂಭದಲ್ಲೇ ತಡೆಯೊಡ್ಡಬೇಕು ಎಂಬ ಪಾಠವೂ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು.

ಚರ್ಚಿಲ್ ಅವರ ಉತ್ತರಾಧಿಕಾರಿಯಾಗಿ 1955ರ ಏಪ್ರಿಲ್‌ನಲ್ಲಿ ಪ್ರಧಾನಿಯಾಗುವ ವೇಳೆಗೆ ಈಡನ್ ಅವರ ಆರೋಗ್ಯ ಕೆಟ್ಟಿತ್ತು. 1953ರ ಶಸ್ತ್ರಚಿಕಿತ್ಸೆಯೊಂದರಲ್ಲಿ ಪಿತ್ತನಾಳಕ್ಕೆ ಪೆಟ್ಟಾಗಿ, ಜ್ವರ ಮರುಕಳಿಸುತ್ತಲೇ ಇತ್ತು.

1956ರ ಜುಲೈ 26ರಂದು ಈಜಿಪ್ಟ್ ಅಧ್ಯಕ್ಷ ಗಮಾಲ್ ಅಬ್ದುಲ್ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣಗೊಳಿಸಿದರು. ಅದರಲ್ಲಿ ಬ್ರಿಟಿಷ್ ಸರ್ಕಾರದ ಪಾಲು ಶೇ. 44. ಪಶ್ಚಿಮ ಯೂರೋಪಿನ ತೈಲದ ಬಹುಭಾಗ ಸಾಗುತ್ತಿದ್ದುದೂ ಅದೇ ಹಾದಿಯಲ್ಲಿ. ಈಡನ್ ಕಣ್ಣಿಗೆ ನಾಸೆರ್ ಮತ್ತೊಬ್ಬ ಮುಸೊಲಿನಿಯಾಗಿ ಕಂಡರು. ಹೋಲಿಕೆ ಒಮ್ಮೆ ಮನಸ್ಸಿಗೆ ಹೊಕ್ಕ ಮೇಲೆ ಸಂಧಾನವೆಲ್ಲ ಓಲೈಕೆಯಾಗಿಯೇ ತೋರತೊಡಗಿತು.

ಎಚ್ಚರಿಕೆಯ ಮಾತುಗಳಿಗೆ ಕೊರತೆಯಿರಲಿಲ್ಲ. ಬಲಪ್ರಯೋಗಕ್ಕೆ ಕಾನೂನಿನ ಆಧಾರವಿಲ್ಲವೆಂದ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರರನ್ನು ದೂರವಿಡಲಾಯಿತು. ಭಾರತದ ಕೊನೆಯ ವೈಸ್‌ರಾಯ್ ಆಗಿದ್ದು, ಆಗ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಲಾರ್ಡ್ ಮೌಂಟ್‌ಬ್ಯಾಟನ್ ಕೂಡ ಈ ಸಾಹಸವನ್ನು ವಿರೋಧಿಸಿದ್ದರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬಲಪ್ರಯೋಗ ಬೇಡವೆಂದು ಪತ್ರ ಬರೆದಿದ್ದರು.

ಈಡನ್ ಗುಪ್ತಮಾರ್ಗ ಹಿಡಿದರು. ಅಕ್ಟೋಬರ್ 22ರಿಂದ 24ರವರೆಗೆ ಪ್ಯಾರಿಸ್ ಸಮೀಪದ ಸೆವ್ರ್‌ನಲ್ಲಿ ಬ್ರಿಟನ್, ಫ್ರಾನ್ಸ್ ಹಾಗೂ ಇಸ್ರೇಲ್ ಪ್ರತಿನಿಧಿಗಳು ರಹಸ್ಯವಾಗಿ ಸೇರಿದರು. ಇಸ್ರೇಲ್ ಮೊದಲು ದಾಳಿ ಮಾಡುವುದು. ಕಾದಾಡುವವರನ್ನು ಬಿಡಿಸುವ ನೆಪದಲ್ಲಿ ಉಳಿದಿಬ್ಬರು ಕಾಲುವೆಯನ್ನು ವಶಪಡಿಸಿಕೊಳ್ಳುವುದು ಎಂದು ಒಪ್ಪಂದವಾಯಿತು. ಈ ಸಂಚಿನ ಪೂರ್ಣ ವಿವರ ಬ್ರಿಟಿಷ್ ಸಂಪುಟಕ್ಕೂ ತಿಳಿಯಲಿಲ್ಲ, ಸಂಸತ್ತಿಗಂತೂ ಇಲ್ಲವೇ ಇಲ್ಲ.

ಅಕ್ಟೋಬರ್ 29ರಂದು ಇಸ್ರೇಲ್ ದಾಳಿಯಿಟ್ಟಿತು. 31ರಂದು ಬ್ರಿಟಿಷ್ ವಿಮಾನಗಳು ಬಾಂಬ್ ಸುರಿಸಿದವು. ನವೆಂಬರ್ 5ರಂದು ಪೋರ್ಟ್ ಸೈದ್ ಬಳಿ ಛತ್ರಿಸೈನಿಕರು ಇಳಿದರು. ನೂರಾರು ಈಜಿಪ್ಟಿಯನ್ನರು ಪ್ರಾಣ ತೆತ್ತರು. ಭಾರತದ ಪ್ರಧಾನಿ ನೆಹರೂ ದಾಳಿಯನ್ನು ಕಟುವಾಗಿ ಖಂಡಿಸಿದರು. ಪೌಂಡ್ ಮೌಲ್ಯ ಕುಸಿಯತೊಡಗಿದಾಗ ನೆರವಿಗೆ ಬರಲು ಅಮೆರಿಕ ನಿರಾಕರಿಸಿತು. ಯುದ್ಧಕ್ಕೆ ಹುರಿದುಂಬಿಸಿದ್ದ ಹಣಕಾಸು ಸಚಿವ ಮ್ಯಾಕ್‌ಮಿಲನ್ ಅವರೇ ಈಗ ಹಿಂದೆಗೆಯಲು ಒತ್ತಾಯಿಸಿದರು. ನವೆಂಬರ್ 6ರ ಮಧ್ಯರಾತ್ರಿ ಕದನವಿರಾಮ ಜಾರಿಯಾಯಿತು. ವಿಶ್ವಸಂಸ್ಥೆ ತುರ್ತಾಗಿ ರಚಿಸಿದ ಶಾಂತಿಪಾಲನಾ ಪಡೆಯಲ್ಲಿ ಭಾರತೀಯ ಯೋಧರೂ ಇದ್ದರು.

ಇಸ್ರೇಲ್ ದಾಳಿಯ ಮುನ್ಸೂಚನೆ ಇರಲಿಲ್ಲವೆಂದು ಡಿಸೆಂಬರ್ 20ರಂದು ಈಡನ್ ಸಂಸತ್ತಿನಲ್ಲಿ ಹೇಳಿದರು. ಅದು ಸುಳ್ಳಾಗಿತ್ತು. 1957ರ ಜನವರಿ 9ರಂದು ಅನಾರೋಗ್ಯದ ಕಾರಣ ನೀಡಿ ರಾಜೀನಾಮೆ ಸಲ್ಲಿಸಿದರು. ಏಪ್ರಿಲ್‌ನಲ್ಲಿ ಕಾಲುವೆ ಮತ್ತೆ ತೆರೆಯಿತು, ಈಜಿಪ್ಟಿನ ಒಡೆತನದಲ್ಲೇ.

1977ರ ಜನವರಿ 14ರಂದು ಈಡನ್ ನಿಧನರಾದರು. ಸೆವ್ರ್ ಒಪ್ಪಂದದ ಪ್ರತಿಗಳನ್ನೆಲ್ಲ ನಾಶಪಡಿಸಲು ಅವರು ಅಧಿಕಾರಿಗಳನ್ನು ಪ್ಯಾರಿಸ್‌ಗೆ ಅಟ್ಟಿದ್ದರು. ಬ್ರಿಟನ್ನಿನ ಪ್ರತಿಯೇನೋ ಇಲ್ಲವಾಯಿತು. ಆದರೆ ಇಸ್ರೇಲಿನ ಪ್ರತಿ ಉಳಿದು, ಅವರ ಕಾಲಾನಂತರ ಬೆಳಕಿಗೆ ಬಂದಿತು. ಓಲೈಕೆಯನ್ನು ಪ್ರತಿಭಟಿಸಿ ಒಮ್ಮೆ ಅಧಿಕಾರ ತೊರೆದು ಗೌರವ ಗಳಿಸಿದ್ದವರು, ಅದೇ ಪಾಠವನ್ನು ಸಲ್ಲದ ಕಡೆ ಅನ್ವಯಿಸಿ ಎಲ್ಲವನ್ನೂ ಕಳೆದುಕೊಂಡರು. ತಡೆದು ನಿಲ್ಲಿಸಬಹುದಾಗಿದ್ದ ಸಂಪುಟವನ್ನು ಕತ್ತಲಲ್ಲಿಟ್ಟವರೂ ಅವರೇ.